ಹ್ಯಾಕ್ ಆಗಿಲ್ಲ ಸ್ವಾಮೀ, ಬಾಗಿಲು ತೆಗೆದೇ ಇತ್ತು!

ಈ ಪೋಸ್ಟು ಸ್ವಲ್ಪ ಖಾರವಾಗಿದೆ, ಮೊದಲೇ ಹೇಳಿಬಿಡ್ತೀನಿ. ಬೆಳಗಾವಿಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಕೆಲವು ಗೆಳೆಯರಿಗೆ ಓದಿ ಸಿಟ್ಟು ಬರಬಹುದು. ಬರಲಿ. ಕಮೆಂಟು ಹಾಕೋಕೆ ಜಾಗ ಕೆಳಗೇ ಇದೆ, ಬಂದು ಬೈದು ಹೋಗಿ :-)

ನನ್ನ ತಕರಾರು ಒಂದು ವಾಕ್ಯದ ಮೇಲೆ. "ನಮ್ಮ ಸೈಟ್ ಹ್ಯಾಕ್ ಆಯ್ತು." ಇದನ್ನು ಜನ ಹೇಳುವ ಧಾಟಿ ಗಮನಿಸಿದ್ದೀರಾ? ತೆಂಗಿನ ಮರಕ್ಕೆ ಸಿಡಿಲು ಬಡೀತು ಅನ್ನೋ ಥರ. ಯಾರದ್ದೂ ತಪ್ಪಿಲ್ಲ, ಗ್ರಹಚಾರ! ಎಲ್ಲೋ ದೂರದೇಶದಲ್ಲಿ ಮಹಾ ಬುದ್ಧಿವಂತನೊಬ್ಬ ರಾತ್ರಿಯಿಡೀ ಕೂತು ನಮ್ಮ ಸೈಟಿಗೇ ಗುರಿಯಿಟ್ಟ ಅನ್ನುವ ಹೆಮ್ಮೆಯೂ ಅದರಲ್ಲಿ ಸ್ವಲ್ಪ ಸೇರಿರುತ್ತೆ. ನಾನು ನೋಡಿದ ಮಟ್ಟಿಗೆ, ಬೆಳಗಾವಿ-ಖಾನಾಪುರದ ಕಡೆ ಹೀಗೆ ಕೆಟ್ಟುಹೋದ ಒಂದು ಸೈಟಿನಲ್ಲೂ ಯಾರೂ ಬುದ್ಧಿ ಖರ್ಚು ಮಾಡಿರಲಿಲ್ಲ. ಹಳೇ ಪ್ಲಗಿನ್ ಒಂದು ಇತ್ತು. ಅದರಲ್ಲಿ ತೂತು ಇದೆ ಅಂತ ಲೋಕಕ್ಕೆಲ್ಲ ಗೊತ್ತಿತ್ತು. ತೂತು ಮುಚ್ಚುವ ಹೊಸ ಆವೃತ್ತಿಯೂ ಬಂದಿತ್ತು. ಅದನ್ನು ಹಾಕುವವರು ಮಾತ್ರ ಇರಲಿಲ್ಲ, ಅಷ್ಟೇ.

ಪ್ಲಗಿನ್ ಅಂದ್ರೇನು ಅಂತ ನಮ್ಮ ಬ್ಲಾಗಿಗರಿಗೆ ಪಾಠ ಮಾಡಬೇಕಾಗಿಲ್ಲ. ಆದ್ರೂ ಒಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ಮೊಬೈಲಿನಲ್ಲಿ ಆಪ್ ಹಾಕಿದರೆ "ಫೋಟೋ ನೋಡಲಾ? ಕಾಂಟ್ಯಾಕ್ಟ್ ನೋಡಲಾ?" ಅಂತ ಕೇಳುತ್ತಲ್ಲ, ವರ್ಡ್‌ಪ್ರೆಸ್ ಪ್ಲಗಿನ್ ಹಾಗೆ ಏನನ್ನೂ ಕೇಳಲ್ಲ. ಫೋಟೋಗಳನ್ನು ಎಡದಿಂದ ಬಲಕ್ಕೆ ಜಾರಿಸೋದಷ್ಟೇ ಕೆಲಸ ಇರುವ ಸ್ಲೈಡರ್ ಕೂಡ ನಿಮ್ಮ ಇಡೀ ಸೈಟಿನ ಅಧಿಕಾರದಲ್ಲೇ ಓಡುತ್ತೆ. ಅದು ಡೇಟಾಬೇಸ್ ಓದಬಲ್ಲದು, ಫೈಲು ಬರೆಯಬಲ್ಲದು, ನಿಮಗೆ ಗೊತ್ತಿಲ್ಲದೆ ಹೊಸ ಅಡ್ಮಿನ್ ಒಬ್ಬನನ್ನು ಹುಟ್ಟಿಸಬಲ್ಲದು. ಹೂವಿನ ಗಿಡಕ್ಕೆ ನೀರು ಹಾಕೋಕೆ ಬಂದವನ ಕೈಗೆ ತಿಜೋರಿ ಕೀಲಿಯನ್ನೂ ಕೊಟ್ಟ ಹಾಗೆ. ಪ್ಯಾಚ್‌ಸ್ಟ್ಯಾಕ್ ಅನ್ನೋ ಭದ್ರತಾ ಸಂಸ್ಥೆಯ ಲೆಕ್ಕ ನೋಡಿ: 2024ರಲ್ಲಿ ವರ್ಡ್‌ಪ್ರೆಸ್ ಜಗತ್ತಿನಲ್ಲಿ ಹೊಸದಾಗಿ ಸಿಕ್ಕ ತೂತುಗಳು 7,966. ಅದರಲ್ಲಿ 100ಕ್ಕೆ 96 ಪ್ಲಗಿನ್‌ಗಳಲ್ಲಿ. ವರ್ಡ್‌ಪ್ರೆಸ್ಸಿನ ಮೂಲ ತಂತ್ರಾಂಶದಲ್ಲಿ ಸಿಕ್ಕಿದ್ದು ಬರೀ ಏಳು! ಹಾಗಾಗಿ "ವರ್ಡ್‌ಪ್ರೆಸ್ಸೇ ಸರಿ ಇಲ್ರೀ" ಅನ್ನೋ ಮಾತನ್ನು ದಯವಿಟ್ಟು ಬಿಡಿ.

ಈಗ ಖಾನಾಪುರಕ್ಕೆ ಬರ್ತೀನಿ.

ಕಳೆದ ವರ್ಷ ಮಳೆಗಾಲದಲ್ಲಿ ಆ ತಾಲೂಕಿನ ಒಂದು ಸಂಸ್ಥೆಯವರು ಕರೆದರು. ಹೆಸರು ಬೇಡ. "ನಮ್ ಸೈಟ್ ಮೊಬೈಲ್‌ನ್ಯಾಗ ತಗದ್ರ ರಮ್ಮಿ ಆಡ್ರಿ ಅಂತ ಬರ್ತೈತ್ರೀ, ಆಫೀಸ್ ಕಂಪ್ಯೂಟರ್‌ನ್ಯಾಗ ಏನೂ ಇಲ್ಲ, ಚಲೋನ ಐತಿ" ಅಂದರು. ಹೋಗಿ ನೋಡಿದೆ. ಐದು ಪುಟದ ಸೈಟಿಗೆ ಮೂವತ್ತನಾಲ್ಕು ಪ್ಲಗಿನ್! ಎರಡು ಸ್ಲೈಡರ್. ಸೈಟನ್ನು ಕಾಯೋಕೆ ಅಂತ ಮೂರು ಸೆಕ್ಯುರಿಟಿ ಪ್ಲಗಿನ್, ಅವು ತಮ್ಮತಮ್ಮಲ್ಲೇ ಜಗಳಾಡಿಕೊಂಡು ಕೂತಿದ್ದವು. ಹಿಮ ಬೀಳಿಸುವ ಪ್ಲಗಿನ್ ಒಂದು (ಖಾನಾಪುರದಲ್ಲಿ ಹಿಮ!). ದುಡ್ಡು ಕೊಟ್ಟು ಕೊಳ್ಳಬೇಕಾದ ಪ್ಲಗಿನ್ನಿನ ಕದ್ದ ಪ್ರತಿ ಒಂದು. ಕೊನೆಯ ಬಾರಿ ಅಪ್‌ಡೇಟ್ ಆಗಿದ್ದು ಸೈಟು ಉದ್ಘಾಟನೆ ಆದ ವಾರದಲ್ಲಿ.

ರಮ್ಮಿಯನ್ನು ನಾನು ಅಷ್ಟು ತಲೆಗೆ ಹಚ್ಚಿಕೊಳ್ಳಲಿಲ್ಲ. ತಲೆ ಕೆಟ್ಟಿದ್ದು ಇನ್ನೊಂದಕ್ಕೆ. ಅಲ್ಲಿ ಒಂದು ಅರ್ಜಿ ಫಾರಂ ಇತ್ತು, ಅದಕ್ಕೂ ಒಂದು ಪ್ಲಗಿನ್. ಯಾವುದೋ ತರಬೇತಿಗೆ ಅರ್ಜಿ ಹಾಕುವ ಹುಡುಗಿಯರು ಅದರಲ್ಲಿ ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಫೋಟೋ ಎಲ್ಲ ಏರಿಸಬೇಕು. ಜಾಂಬೋಟಿ, ಕಣಕುಂಬಿ, ನಂದಗಡ, ಲೋಂಡಾ ಕಡೆಯಿಂದ ಬಸ್ಸು ಹತ್ತಿ ಖಾನಾಪುರಕ್ಕೆ ಬಂದು, ಸ್ಕ್ಯಾನ್ ಮಾಡಿಸಿ, ಪುಟಕ್ಕಿಷ್ಟು ಅಂತ ದುಡ್ಡು ಕೊಟ್ಟು ಏರಿಸಿದ ಕಾಗದಗಳು. ಅಷ್ಟನ್ನೂ ಆ ಪ್ಲಗಿನ್ ಒಂದು ಬಹಿರಂಗ ಫೋಲ್ಡರಿನಲ್ಲಿ ಸುರಿದಿಟ್ಟಿತ್ತು. ಪಾಸ್‌ವರ್ಡ್ ಇಲ್ಲ, ಬೀಗ ಇಲ್ಲ. ವಿಳಾಸ ಟೈಪ್ ಮಾಡಿದರೆ ಪಟ್ಟಿ ತಾನಾಗೇ ತೆರೆದುಕೊಳ್ಳುತ್ತಿತ್ತು. ಇದಕ್ಕೆ ಹ್ಯಾಕರ್ ಬೇಕಾ ಹೇಳಿ? ಗೂಗಲ್ ಸಾಕು.

ಅಲ್ಲಿದ್ದ ಹಿರಿಯರೊಬ್ಬರು ಕೇಳಿದ ಪ್ರಶ್ನೆ: "ಅಲ್ರೀ, ಖಾನಾಪುರದಾಗಿನ ಸೈಟ್ ಕೆಡಿಸಿ ಅವರಿಗೇನ್ ಸಿಗ್ತೈತ್ರೀ?" ಈ ಪ್ರಶ್ನೆಯನ್ನು ನಾನು ಟಿಳಕವಾಡಿಯಲ್ಲಿ ಕೇಳಿದ್ದೇನೆ, ಶಹಾಪುರದ ಸೀರೆ ಅಂಗಡಿಯಲ್ಲಿ ಕೇಳಿದ್ದೇನೆ, ಉದ್ಯಮಬಾಗದ ಫೌಂಡ್ರಿ ಆಫೀಸಿನಲ್ಲೂ ಕೇಳಿದ್ದೇನೆ. ಉತ್ತರ ಏನಪ್ಪಾ ಅಂದ್ರೆ, ಅವರಿಗೆ ಅದು ಖಾನಾಪುರ ಅಂತ ಗೊತ್ತೇ ಇಲ್ಲ. 2020ರ ಸೆಪ್ಟೆಂಬರಿನಲ್ಲಿ ಡಬ್ಲ್ಯೂಪಿ ಫೈಲ್ ಮ್ಯಾನೇಜರ್ ಅನ್ನೋ ಪ್ಲಗಿನ್ನಿಗೆ ಆದದ್ದು ನೋಡಿ. ಏಳು ಲಕ್ಷ ಸೈಟುಗಳಲ್ಲಿ ಇದ್ದ ಪ್ಲಗಿನ್ ಅದು. ಅದನ್ನು ಬರೆದವರು ಎಲ್‌ಫೈಂಡರ್ ಅನ್ನೋ ಇನ್ನೊಬ್ಬರ ಉಚಿತ ತಂತ್ರಾಂಶವನ್ನು ಒಳಗೆ ಸೇರಿಸಿಕೊಂಡಿದ್ದರು. ಅದರಲ್ಲಿ "ಇದು ಮಾದರಿ ಮಾತ್ರ" ಅಂತ ಓಡದ ಹಾಗೆ ಹೆಸರಿಟ್ಟಿದ್ದ ಒಂದು ಫೈಲಿನ ಹೆಸರು ಬದಲಿಸಿ ಓಡುವ ಫೈಲು ಮಾಡಿಬಿಟ್ಟರು. ಮುಗೀತು. ಲಾಗಿನ್ ಇಲ್ಲದೆ ಯಾರು ಬೇಕಾದರೂ ಆ ಸೈಟಿಗೆ ಏನು ಬೇಕಾದರೂ ಏರಿಸಬಹುದಾಯಿತು. 6.9ನೇ ಆವೃತ್ತಿಯಲ್ಲಿ ಸರಿಮಾಡಿದರು, ಆದರೆ ಆ ಹೊತ್ತಿಗೆ ಯಂತ್ರಗಳು ಆ ಒಂದು ಫೈಲು ಹುಡುಕಿಕೊಂಡು ಲಕ್ಷಾಂತರ ಸೈಟುಗಳ ಬಾಗಿಲು ತಟ್ಟುತ್ತಿದ್ದವು. ಭಾಷೆ ಕನ್ನಡವೋ ಜಪಾನಿಯೋ, ಊರು ಲಂಡನ್ನೋ ಲೋಂಡಾವೋ, ಯಂತ್ರಕ್ಕೆ ಏನು? ಇದರಲ್ಲಿ ಒಂದು ತಮಾಷೆಯೂ ಇದೆ. ಒಳಗೆ ನುಗ್ಗಿದ ಕೆಲವು ಕಳ್ಳರು ಬೇರೆ ಕಳ್ಳರು ಬರದ ಹಾಗೆ ಅದೇ ಫೈಲಿಗೆ ಪಾಸ್‌ವರ್ಡ್ ಹಾಕಿದರು. ಸೈಟಿನ ಮಾಲೀಕ ಮಾಡದ ಕೆಲಸವನ್ನು ಕಳ್ಳ ಮಾಡಿದ!

ಸರಿ, ಖಾನಾಪುರದ ಆ ಸೈಟನ್ನು ಮಾಡಿದವರು ಯಾರು? ಬೆಳಗಾವಿಯವರೇ. ಫೋನ್ ಮಾಡಿದರೆ "ಸರ್, ನಾವು ಹ್ಯಾಂಡ್‌ಓವರ್ ಮಾಡಿ ಎರಡು ವರ್ಷ ಆಯ್ತು" ಅಂದರು. ಅವರು ಕೊಟ್ಟಿದ್ದ ಕೊಟೇಶನ್ ತೆಗೆಸಿ ನೋಡಿದೆ. ಡೊಮೇನ್, ಹೋಸ್ಟಿಂಗ್, ಐದು ಪುಟ, ಸ್ಲೈಡರ್, ಗ್ಯಾಲರಿ, ವಾಟ್ಸಪ್ ಬಟನ್ನು, ಮೇಲೆ ಓಡುವ ಅಕ್ಷರ. "ಅಪ್‌ಡೇಟ್" ಅನ್ನುವ ಪದ ಒಂದು ಸಲವೂ ಇಲ್ಲ. ಉದ್ಘಾಟನೆಗೆ ಅತಿಥಿಗಳು ಬಂದಿದ್ದರು, ಶಾಲು ಹಾರ ಆಗಿತ್ತು, ಬೆಳಗಾವಿಯಿಂದ ಕುಂದಾ ತರಿಸಿ ಹಂಚಿದ್ದರು. ಆ ಕುಂದಾದ ಖರ್ಚಿನಲ್ಲಿ ಒಂದು ವರ್ಷ ಯಾರಿಗಾದರೂ ತಿಂಗಳಿಗೊಮ್ಮೆ ಸೈಟು ನೋಡೋಕೆ ದುಡ್ಡು ಕೊಡಬಹುದಿತ್ತು.

ಗೆಳೆಯರೇ, ನಾನು ಬೈಯುತ್ತಿರೋದು ಈ ವ್ಯಾಪಾರವನ್ನು. ಎಂಟು ಸಾವಿರಕ್ಕೆ ಸೈಟು ಅಂತ ಬೋರ್ಡು ಹಾಕಿ, ಎಲ್ಲ ಕೆಲಸಕ್ಕೂ ಪರರ ಪ್ಲಗಿನ್ ತುರುಕಿ, ಕೀಲಿ ಕೈಗಿಟ್ಟು ಹೊರಟುಹೋಗೋದು. ವಿಟಿಯು ಕೇಂದ್ರ ಕಚೇರಿಯೇ ಇರುವ ಊರು ನಮ್ಮದು, ಎಂಜಿನಿಯರುಗಳಿಗೆ ಬರವಿಲ್ಲ. ಪ್ಲಗಿನ್ ಹಾಕೋದು ಐದು ನಿಮಿಷದ ಕೆಲಸ ಅಂತ ಎಲ್ಲರಿಗೂ ಗೊತ್ತು. ಅದನ್ನು ಸಾಕೋದು ಅದು ಇರುವಷ್ಟು ಕಾಲದ ಕೆಲಸ ಅಂತ ಗಿರಾಕಿಗೆ ಯಾಕೆ ಹೇಳಲ್ಲ? ಹೇಳಿದರೆ ಗಿರಾಕಿ ಪಕ್ಕದ ಗಲ್ಲಿಗೆ ಹೋಗ್ತಾನೆ ಅನ್ನೋ ಭಯ.

ಸ್ಲೈಡರಿನ ಮೇಲೆ ನನಗೆ ವಿಶೇಷ ಸಿಟ್ಟಿದೆ. 2014ರ ಡಿಸೆಂಬರಿನಲ್ಲಿ ಸೋಕ್‌ಸೋಕ್ ಅನ್ನೋ ದುಷ್ಟ ತಂತ್ರಾಂಶ ಲಕ್ಷಕ್ಕೂ ಹೆಚ್ಚು ಸೈಟುಗಳಿಗೆ ಹೊಕ್ಕಿತು, ಗೂಗಲ್ 11,000ಕ್ಕೂ ಹೆಚ್ಚು ಡೊಮೇನುಗಳನ್ನು ಕಪ್ಪುಪಟ್ಟಿಗೆ ಹಾಕಿತು. ಹೊಕ್ಕಿದ್ದು ಸ್ಲೈಡರ್ ರೆವಲ್ಯೂಶನ್ ಅನ್ನೋ ಪ್ಲಗಿನ್ನಿನ ಹಳೇ ತೂತಿನಿಂದ. ಎಷ್ಟೋ ಜನಕ್ಕೆ ತಮ್ಮ ಸೈಟಿನಲ್ಲಿ ಆ ಸ್ಲೈಡರ್ ಇದೆ ಅಂತಲೇ ಗೊತ್ತಿರಲಿಲ್ಲ. ಯಾಕಂದ್ರೆ ಅದು ಥೀಮಿನ ಹೊಟ್ಟೆಯೊಳಗೆ ಬಂದಿತ್ತು. ಪ್ಲಗಿನ್ನಿನ ಲೈಸೆನ್ಸು ಥೀಮ್ ಮಾಡಿದವನ ಹೆಸರಲ್ಲಿ ಇರೋದರಿಂದ ಅಪ್‌ಡೇಟ್ ನಿಮಗೆ ನೇರವಾಗಿ ಬರಲ್ಲ, ಥೀಮಿನವನು ಕೊಟ್ಟಾಗ ಉಂಟು, ಇಲ್ಲದಿದ್ದರೆ ಇಲ್ಲ. ಇನ್ನು ಕದ್ದ ಪ್ರತಿಗಳ ಕಥೆ ಬೇರೆ. "ನಲ್ಡ್" ಅಂತ ಕರೀತಾರೆ ಅದನ್ನು. ಡಬ್ಲ್ಯೂಪಿ-ವಿಸಿಡಿ ಅನ್ನೋ ಪಿಡುಗು ವರ್ಷಗಟ್ಟಲೆ ಹಬ್ಬಿದ್ದೇ ಈ ಕದ್ದ ಥೀಮು-ಪ್ಲಗಿನ್‌ಗಳ ಮೂಲಕ. ಕದ್ದ ಮಾಲಿನಲ್ಲಿ ಕಳ್ಳನೇ ಕೂತು ಬಂದಿರ್ತಾನೆ. ಇದನ್ನು ಗಿರಾಕಿಗೆ "ಪ್ರೀಮಿಯಂ" ಅಂತ ಮಾರುವವರಿಗೆ ಏನು ಹೇಳೋದು?

"ಹಾಗಾದ್ರೆ ಅಪ್‌ಡೇಟ್ ಮಾಡ್ತಾ ಇದ್ರೆ ಸಾಕಲ್ವಾ?" ಇಲ್ಲ ಸ್ವಾಮಿ. ಡಿಸ್‌ಪ್ಲೇ ವಿಡ್ಜೆಟ್ಸ್ ಅಂತ ಒಂದು ಸಾಧು ಪ್ಲಗಿನ್ ಇತ್ತು, ಸುಮಾರು ಎರಡು ಲಕ್ಷ ಸೈಟುಗಳಲ್ಲಿ. 2017ರಲ್ಲಿ ಮೂಲ ಲೇಖಕರು ಅದನ್ನು ಮಾರಿದರು. ಕೊಂಡವರು ಅಪ್‌ಡೇಟ್ ರೂಪದಲ್ಲೇ ಹಿಂಬಾಗಿಲು ಇಟ್ಟರು, ಸೈಟುಗಳಲ್ಲಿ ಕಸದ ಪುಟಗಳನ್ನು ತುಂಬಿದರು. ಲಾಗಿನ್ ಆದವರ ಕಣ್ಣಿಗೆ ಆ ಪುಟ ಕಾಣದ ಹಾಗೆಯೂ ಮಾಡಿದ್ದರು. ಮಾಲೀಕ ನೋಡಿದರೆ ಎಲ್ಲ ಚೆಂದ! ವರ್ಡ್‌ಪ್ರೆಸ್ ತಾಣದವರು ಅದನ್ನು ತೆಗೆದುಹಾಕೋದು, ಅದು ಮತ್ತೆ ಬರೋದು ಹೀಗೆ ಹಲವು ಸಲ ನಡೆದು, ಸೆಪ್ಟೆಂಬರಿನಲ್ಲಿ ಪೂರ್ತಿ ಹೊರಗೆ ಹಾಕಿದರು. ಸೈಟು ಕಾಯೋಕೆ ಅಂತಲೇ ಇರುವ ಪ್ಲಗಿನ್ನಾದರೂ ನಂಬಬಹುದಾ ಅಂದ್ರೆ, ನಲವತ್ತು ಲಕ್ಷ ಸೈಟುಗಳಲ್ಲಿದ್ದ ರಿಯಲೀ ಸಿಂಪಲ್ ಸೆಕ್ಯುರಿಟಿಯಲ್ಲಿ 2024ರ ನವೆಂಬರಿನಲ್ಲಿ ಸಿಕ್ಕ ತೂತು ಎಂಥದ್ದು ಗೊತ್ತಾ? ಎರಡು ಹಂತದ ಲಾಗಿನ್ ಹಾಕಿಕೊಂಡ ಎಚ್ಚರಿಕೆಯ ಜನರ ಸೈಟಿಗೇ ಪಾಸ್‌ವರ್ಡ್ ಇಲ್ಲದೆ ಅಡ್ಮಿನ್ ಆಗಿ ಹೊಕ್ಕಬಹುದಿತ್ತು. ಅಪ್‌ಡೇಟ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೂ ಮುಂಚಿನ ಪ್ರಶ್ನೆ, ಈ ಪ್ಲಗಿನ್ ಬೇಕಾ ಅನ್ನೋದು.

ಇಲ್ಲಿ ನಮ್ಮ ಬ್ಲಾಗ್‌ಸ್ಪಾಟ್ ಬಳಗದವರು ಕಾಲ ಮೇಲೆ ಕಾಲು ಹಾಕಿ ಕೂತಿರ್ತೀರಿ, ನಮಗೆಲ್ಲಿದೆ ಪ್ಲಗಿನ್ ಅಂತ. ನಿಮ್ಮ ಪಕ್ಕದ ಪಟ್ಟಿ ನೋಡಿಕೊಳ್ಳಿ. ಭೇಟಿ ಕೊಟ್ಟವರ ಲೆಕ್ಕ, ಗಡಿಯಾರ, ಮೀನಿನ ತೊಟ್ಟಿ, ಹರಟೆ ಪೆಟ್ಟಿಗೆ... ಅಂಟಿಸಿದ ಪ್ರತಿಯೊಂದು ತುಂಡು ಸ್ಕ್ರಿಪ್ಟೂ ಪ್ಲಗಿನ್ನೇ. 2008ರ ಆಗಸ್ಟ್ ಮೊದಲ ವಾರ ನೆನಪಿದೆಯಾ? ಸೈಟ್‌ಮೀಟರ್‌ನವರು ತಮ್ಮ ಕಡೆ ಏನೋ ಬದಲಿಸಿದರು, ಅದನ್ನು ಅಂಟಿಸಿಕೊಂಡಿದ್ದ ಬ್ಲಾಗುಗಳೆಲ್ಲ ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ ತೆರೆಯೋದೇ ನಿಂತುಹೋಯಿತು. ಅದು ಬರೀ ಎಡವಟ್ಟು, ದುರುದ್ದೇಶ ಇರಲಿಲ್ಲ. "ಈಗಷ್ಟೇ ಧಾರವಾಡದಿಂದ ಒಬ್ಬರು ಬಂದರು" ಅಂತ ತೋರಿಸುತ್ತಿದ್ದ ಫೀಡ್‌ಜಿಟ್ ನೆನಪಿರಬೇಕಲ್ಲ? ಅದನ್ನು ಕಟ್ಟಿದ ಮಾರ್ಕ್ ಮಾಂಡರ್ ಅವರ ಸ್ವಂತ ಬ್ಲಾಗಿಗೇ 2011ರ ಆಗಸ್ಟಿನಲ್ಲಿ ಕನ್ನ ಬಿತ್ತು. ಥೀಮಿನೊಳಗಿದ್ದ ಟಿಮ್‌ಥಂಬ್ ಅನ್ನೋ ಚಿತ್ರ ಕುಗ್ಗಿಸುವ ಪುಟ್ಟ ಸ್ಕ್ರಿಪ್ಟಿನಿಂದ. ಆ ಮನುಷ್ಯ ಗ್ರಹಚಾರ ಅಂತ ಸುಮ್ಮನಿರಲಿಲ್ಲ. ತೂತು ಹುಡುಕಿ ಲೋಕಕ್ಕೆ ಹೇಳಿದರು, ಮುಂದೆ ವರ್ಡ್‌ಫೆನ್ಸ್ ಅನ್ನೋ ಭದ್ರತಾ ಪ್ಲಗಿನ್ನನ್ನೇ ಕಟ್ಟಿದರು.

ತೀರಾ ಹಳೇ ಕಥೆ ಅಂತೀರಾ? 2018ರ ಫೆಬ್ರವರಿ 11ರಂದು ಬ್ರೌಸ್‌ಅಲೌಡ್ ಅನ್ನೋ ಸ್ಕ್ರಿಪ್ಟು ಕೆಟ್ಟಿತು. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಪುಣ್ಯದ ಕೆಲಸ ಅದರದ್ದು. ಅದರೊಳಗೆ ಯಾರೋ ಕಾಯಿನ್‌ಹೈವ್ ಸೇರಿಸಿದರು. ನಾಲ್ಕು ಸಾವಿರಕ್ಕೂ ಹೆಚ್ಚು ಸೈಟುಗಳು ನೋಡಲು ಬಂದವರ ಕಂಪ್ಯೂಟರಿನಲ್ಲಿ ಗುಟ್ಟಾಗಿ ಕ್ರಿಪ್ಟೋ ಹಣ ಅಗೆಯತೊಡಗಿದವು. ಅದರಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಸೈಟೂ ಇತ್ತು, ಜನರ ಮಾಹಿತಿ ಕಾಯೋದೇ ಅವರ ಕೆಲಸ! ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಪಕ್ಕದ ಆಂಧ್ರದಲ್ಲಿ ಪೌರಾಡಳಿತ ಇಲಾಖೆ, ತಿರುಪತಿ, ಮಾಚರ್ಲ ನಗರಾಡಳಿತಗಳ ಸೈಟುಗಳಲ್ಲೂ ಇದೇ ಅಗೆಯುವ ಸ್ಕ್ರಿಪ್ಟು ಸಿಕ್ಕಿತು. 2024ರಲ್ಲಿ ಪಾಲಿಫಿಲ್. ಹಳೇ ಬ್ರೌಸರುಗಳಿಗೆ ನೆರವಾಗಲಿ ಅಂತ ಲಕ್ಷಕ್ಕೂ ಹೆಚ್ಚು ಸೈಟುಗಳು ಎಳೆದುಕೊಳ್ಳುತ್ತಿದ್ದ ಸ್ಕ್ರಿಪ್ಟು. ಫೆಬ್ರವರಿಯಲ್ಲಿ ಡೊಮೇನು ಚೀನಾದ ಕಂಪನಿಯೊಂದರ ಕೈಗೆ ಹೋಯಿತು. ಅದನ್ನು ಮೊದಲು ಬರೆದ ಆಂಡ್ರೂ ಬೆಟ್ಸ್ ಆಗಲೇ "ತೆಗೆದುಬಿಡಿ" ಅಂತ ಕೂಗಿ ಹೇಳಿದ್ದರು. ಜೂನಿನಲ್ಲಿ ನೋಡಿದರೆ ಮೊಬೈಲಿನಲ್ಲಿ ಬಂದವರನ್ನು ಬೆಟ್ಟಿಂಗ್ ಸೈಟಿಗೆ ತಳ್ಳುತ್ತಿತ್ತು. ಅಡ್ಮಿನ್ ಬಂದರೆ ಸುಮ್ಮನಿರುತ್ತಿತ್ತು. ಖಾನಾಪುರದವರು ಹೇಳಿದ್ದೂ ಅದೇ ಲಕ್ಷಣ ಅಲ್ವಾ, ಮೊಬೈಲಿನಲ್ಲಿ ರಮ್ಮಿ, ಆಫೀಸಿನಲ್ಲಿ ಚಲೋ.

ಈ ಪ್ಲಗಿನ್ ಬರೆಯುವವರನ್ನು ನಾನು ಬೈಯುತ್ತಿಲ್ಲ. ಬಹುಪಾಲು ಜನ ಬಿಡುವಿನ ವೇಳೆಯಲ್ಲಿ, ಪುಕ್ಕಟೆ ಬರೆದು ಕೊಟ್ಟವರು. ಮಗು ಹುಟ್ಟುತ್ತೆ, ಕೆಲಸ ಬದಲಾಗುತ್ತೆ, ಬೇಸರವಾಗುತ್ತೆ, ಬಿಟ್ಟುಬಿಡ್ತಾರೆ. ನಾವು ಬ್ಲಾಗ್ ಬಿಟ್ಟ ಹಾಗೆಯೇ :-) ಅವರು ಬಿಟ್ಟಿದ್ದಾರಾ ಅಂತ ನೋಡಿಕೊಳ್ಳೋದು ಬಳಸುವವನ ಜವಾಬ್ದಾರಿ. ಹಾಗಂತ ಎಲ್ಲವನ್ನೂ ನಾನೇ ಬರೀತೀನಿ ಅಂತ ಹೊರಡೋದೂ ಬೇಡ. ಅರೆಬರೆ ಪಿಎಚ್‌ಪಿ ಕಲಿತವರು ಬರೆದ ಲಾಗಿನ್ ಪುಟಗಳನ್ನು ನೋಡಿದ್ದೀನಿ, ಅದಕ್ಕಿಂತ ಹಳೇ ಪ್ಲಗಿನ್ನೇ ವಾಸಿ.

ಖಾನಾಪುರ ಹೆಂಚು, ಇಟ್ಟಿಗೆ, ಗಡಿಗೆಗೆ ಹೆಸರಾದ ಊರು. ಆ ಕಡೆಯ ಮಳೆ ಕಂಡವರಿಗೆ ಗೊತ್ತು, ಮಿರಗ ಹತ್ತುವ ಮುಂಚೆ ಮಾಡಿನ ಮೇಲೆ ಹತ್ತಿ ಸರಿದ ಹೆಂಚು ಸರಿಮಾಡಿ, ಒಡೆದದ್ದು ಬದಲಿಸಲೇಬೇಕು. ಮನೆ ಕಟ್ಟಿದ ಮೇಸ್ತ್ರಿ ಬಂದು ಮಾಡ್ತಾನೆ ಅಂತ ಯಾರೂ ಕಾಯಲ್ಲ. ಸೋರಿದರೆ "ಮಳೆ ನಮ್ಮ ಮನೆಗೇ ಗುರಿಯಿಟ್ಟಿತು" ಅಂತಲೂ ಅನ್ನಲ್ಲ. ಅದೇ ಜನ ಸೈಟಿನ ವಿಷಯದಲ್ಲಿ ಯಾಕೆ ಹೀಗೆ?

ನೋಡಿಕೊಳ್ಳುವವರಿದ್ದರೆ ಏನಾಗುತ್ತೆ ಅನ್ನೋಕೆ ದೂರ ಹೋಗಬೇಕಾಗಿಲ್ಲ. ಬೆಳಗಾವಿ ಜಿಲ್ಲಾಡಳಿತದ ಸೈಟನ್ನೇ ತೆಗೆದುಕೊಳ್ಳಿ. ಅದೂ ವರ್ಡ್‌ಪ್ರೆಸ್ಸೇ. ಎನ್‌ಐಸಿಯವರ ಎಸ್-3-ವಾಸ್ ಅನ್ನೋ ಒಂದೇ ವೇದಿಕೆಯ ಮೇಲೆ ದೇಶದ ಜಿಲ್ಲೆಗಳ ಸೈಟುಗಳು ನಿಂತಿವೆ. ಜಿಲ್ಲಾ ಕಚೇರಿಯ ಗುಮಾಸ್ತರು ಸುತ್ತೋಲೆ ಏರಿಸಬಹುದು, ಮನಸ್ಸಿಗೆ ಬಂದ ಪ್ಲಗಿನ್ ಹಾಕೋಕೆ ಆಗಲ್ಲ. ನೋಡೋಕೆ ಸಪ್ಪೆ ಅಂತ ನಗ್ತೀವಿ. ಸಪ್ಪೆಯಾಗಿದ್ದರೂ ಅದಕ್ಕೊಬ್ಬ ಯಜಮಾನ ಇದ್ದಾನೆ.

ಕಾನೂನಿನ ಮಾತು ಒಂದಿಷ್ಟು. 2022ರ ಏಪ್ರಿಲ್ 28ರ ಸರ್ಟ್-ಇನ್ ಆದೇಶದ ಪ್ರಕಾರ ಕಂಪನಿಗಳು, ಸೇವೆ ಕೊಡುವವರು, ಸರ್ಕಾರಿ ಸಂಸ್ಥೆಗಳು ಇಂಥ ಘಟನೆ ತಿಳಿದ ಆರು ಗಂಟೆಯೊಳಗೆ ವರದಿ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಇನ್ನೂ ಖಡಕ್ಕಾಗಿದೆ: ಮಾಹಿತಿ ಪಡೆದವನೇ ಹೊಣೆ. "ಸೈಟು ಮಾಡಿದ್ದು ಬೇರೆಯವರು" ಅಂದರೆ ನಡೆಯಲ್ಲ. ಸೋರಿದರೆ ಯಾರ ಮಾಹಿತಿ ಸೋರಿತೋ ಅವರಿಗೆ ತಿಳಿಸಬೇಕು. ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾಗಿವೆ, ಮುಖ್ಯ ಭಾಗಗಳ ಜಾರಿಗೆ ಹದಿನೆಂಟು ತಿಂಗಳ ಸಮಯ ಕೊಟ್ಟಿದ್ದಾರೆ. ಖಾನಾಪುರದ ಆ ಸಂಸ್ಥೆಯಲ್ಲಿ ಫೋಲ್ಡರಿಗೆ ಬೀಗ ಬಿತ್ತು, ಪ್ಲಗಿನ್ ಮೂವತ್ತನಾಲ್ಕರಿಂದ ಆರಕ್ಕೆ ಇಳಿಯಿತು, ಹಳೇ ಕಾಗದಗಳನ್ನೆಲ್ಲ ಸರ್ವರಿನಿಂದ ಅಳಿಸಿದರು. ಆ ಹುಡುಗಿಯರಿಗೆ ಒಂದು ಮೆಸೇಜು ಕಳಿಸಿ, ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ, ಬ್ಯಾಂಕ್ ಖಾತೆ ಮೇಲೆ ಕಣ್ಣಿಡಿ ಅಂತ ಹೇಳಿ ಅಂದೆ. "ಸುಮ್ನ ಯಾಕ್ರೀ ಹೆದರಸೂದು, ಹೆಸರು ಕೆಡ್ತೈತಿ" ಅಂದರು. ನನಗೆ ಸಿಟ್ಟು ಬಂದಿದ್ದು, ಈ ಪೋಸ್ಟು ಹುಟ್ಟಿದ್ದು ಆ ಮಾತಿನಿಂದಲೇ. ಯಾರ ಹೆಸರು? ಕಾರ್ಡಿನ ಮೇಲಿದ್ದ ಹೆಸರು ಆ ಹುಡುಗಿಯರದ್ದು.

ಇನ್ನು ನಿಮ್ಮ ಸರದಿ. ಸ್ವಂತ ಡೊಮೇನಿಗೆ ಹೋದ ಬ್ಲಾಗಿಗರೇ, ಇವತ್ತೇ ಪ್ಲಗಿನ್ ಪಟ್ಟಿ ತೆಗೆಯಿರಿ. ಏನಕ್ಕೆ ಹಾಕಿದ್ದು ಅಂತ ನೆನಪಾಗದ್ದನ್ನೆಲ್ಲ ಅಳಿಸಿ. ನಿಷ್ಕ್ರಿಯ ಮಾಡಿ ಬಿಟ್ಟರೆ ಸಾಲದು, ಫೈಲು ಅಲ್ಲೇ ಇರುತ್ತೆ, ಕೆಲವು ತೂತುಗಳಿಗೆ ಅಷ್ಟೇ ಸಾಕು. ಉಳಿದವುಗಳಿಗೆ ತಾನಾಗಿ ಅಪ್‌ಡೇಟ್ ಆಗುವ ಗುಂಡಿ ಒತ್ತಿ, 2020ರ 5.5ನೇ ಆವೃತ್ತಿಯಿಂದ ಅದು ಪಟ್ಟಿಯ ಬದಿಯಲ್ಲೇ ಇದೆ. ಪ್ಲಗಿನ್ನಿನ ಪುಟಕ್ಕೆ ಹೋಗಿ ಕೊನೆಯ ಆವೃತ್ತಿ ಯಾವಾಗ ಬಂತು ನೋಡಿ. ಪುಟವೇ ಮುಚ್ಚಿದ್ದರೆ ಇನ್ನೂ ಗಾಬರಿಯಾಗಿ, ಯಾಕಂದ್ರೆ ಮುಚ್ಚಿದ ಪ್ಲಗಿನ್ನಿಗೆ ಅಪ್‌ಡೇಟೇ ಬರಲ್ಲ, ನಿಮ್ಮ ಡ್ಯಾಶ್‌ಬೋರ್ಡು ತಣ್ಣಗಿರುತ್ತೆ. ಲಾಗಿನ್ ಆಗದೆ, ಮೊಬೈಲಿನಲ್ಲಿ, ಗೂಗಲ್ ಮೂಲಕ ನಿಮ್ಮ ಸೈಟಿಗೆ ಬಂದು ನೋಡಿ. ಬ್ಯಾಕಪ್ಪನ್ನು ಅದೇ ಸರ್ವರಿನಲ್ಲಿ ಇಡಬೇಡಿ. ವರ್ಷಗಟ್ಟಲೆ ಬರೆದ ಕನ್ನಡ ಅದು.

ಸೈಟು ಮಾಡಿಕೊಡುವ ಗೆಳೆಯರು ಕೊಟೇಶನ್ನಿನಲ್ಲಿ ಒಂದು ಸಾಲು ಸೇರಿಸಿ: ಯಾವ ಯಾವ ಪ್ಲಗಿನ್, ಯಾರು ನೋಡಿಕೊಳ್ತಾರೆ, ತಿಂಗಳಿಗೆ ಎಷ್ಟು. ದರ ಜಾಸ್ತಿ ಆಯ್ತು ಅಂತ ಗಿರಾಕಿ ಗೊಣಗಿದರೆ ಸ್ಲೈಡರ್ ತೆಗೆದು ದರ ಇಳಿಸಿ. ಗೋಕಾಕ ಫಾಲ್ಸಿನದ್ದು ಒಂದೇ ಫೋಟೋ, ಜಾರದೆ ನಿಂತಿದ್ದರೂ ಚೆನ್ನಾಗಿಯೇ ಕಾಣುತ್ತೆ.